ವಿಕ್ಟರ್ ಮೋಸೆಸ್ ನಿಂತ ಜಾಗ: ಚೆಲ್ಸಿಯ 3-4-3 ಕುರಿತು ಒಂದು ಪ್ರಕರಣ ಅಧ್ಯಯನ

2016ರ ಸೆಪ್ಟೆಂಬರ್ 24. ಲಂಡನ್ನಿನ ಎಮಿರೇಟ್ಸ್ ಮೈದಾನದಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ಫುಟ್‌ಬಾಲ್ ತಂಡಗಳ ಆಟ ಶುರುವಾಗಿ ಹನ್ನೊಂದು ನಿಮಿಷವಾಗಿತ್ತು. ಚೆಲ್ಸಿಯ ಸೆಂಟರ್ ಬ್ಯಾಕ್, ಅಂದರೆ ರಕ್ಷಣೆಯ ನಡುವೆ ನಿಲ್ಲುವ ಗ್ಯಾರಿ ಕೇಹಿಲ್, ಕಾಲಿಗೆ ಬಂದ ಚೆಂಡನ್ನು ಸಾಗಹಾಕುವುದಕ್ಕೆ ತುಸು ತಡಮಾಡಿದರು. ಆರ್ಸೆನಲ್‌ನ ಅಲೆಕ್ಸಿಸ್ ಸಾಂಚೆಸ್ ಅದನ್ನು ಕಸಿದುಕೊಂಡು ಓಡಿ, ಗೋಲ್‌ಕೀಪರ್ ಕೋರ್ಟ್ವಾ ಅವರನ್ನು ದಾಟಿಸಿ ಮೇಲಿಂದ ಎತ್ತಿಹಾಕಿದರು. ಮೂರು ನಿಮಿಷ ಕಳೆಯುವಷ್ಟರಲ್ಲಿ ಥಿಯೋ ವಾಲ್ಕಾಟ್ ಎರಡನೇ ಗೋಲು ಹೊಡೆದರು. ನಲವತ್ತನೇ ನಿಮಿಷದಲ್ಲಿ ಮೆಸುಟ್ ಓಝಿಲ್ ಮೈದಾನದ ನಡುವೆ ಎನ್‌ಗೊಲೊ ಕಾಂಟೆ ಅವರಿಂದ ನುಣುಚಿಕೊಂಡು ಸಾಂಚೆಸ್‌ಗೆ ಚೆಂಡು ಕೊಟ್ಟರು. ಅದನ್ನೇ ವಾಪಸ್ ಪಡೆದು ತಾವೇ ಮೂರನೆಯದನ್ನು ಮುಗಿಸಿದರು.

ವಿರಾಮದ ಹೊತ್ತಿಗೆ 3-0. ಚೆಲ್ಸಿಯ ಕೋಚ್ ಆಂಟೋನಿಯೊ ಕೊಂಟೆ 55ನೇ ನಿಮಿಷದಲ್ಲಿ ಸೆಸ್ಕ್ ಫ್ಯಾಬ್ರೆಗಾಸ್ ಅವರನ್ನು ಹೊರಗೆ ಕರೆದು ಮಾರ್ಕೋಸ್ ಅಲೊನ್ಸೊ ಅವರನ್ನು ಇಳಿಸಿದರು. ಹಿಂದೆ ನಾಲ್ವರ ಬದಲು ಮೂವರು ನಿಂತರು. ಗೋಲು ಬರಲಿಲ್ಲ, ಇನ್ನೊಂದನ್ನು ಬಿಟ್ಟುಕೊಡಲೂ ಇಲ್ಲ. ಅಂದಿನ ಅಂಕಪಟ್ಟಿಯಲ್ಲಿ ತಂಡ ಎಂಟನೇ ಸ್ಥಾನದಲ್ಲಿತ್ತು, ಅಗ್ರಸ್ಥಾನದ ಮ್ಯಾಂಚೆಸ್ಟರ್ ಸಿಟಿಗಿಂತ ಎಂಟು ಪಾಯಿಂಟ್ ಹಿಂದೆ. ಎಂಟು ತಿಂಗಳ ಬಳಿಕ ಅದೇ ತಂಡ 93 ಪಾಯಿಂಟ್‌ಗಳೊಂದಿಗೆ ಚಾಂಪಿಯನ್ ಆಯಿತು. ಗೆದ್ದ ಪಂದ್ಯಗಳು 30. 38 ಪಂದ್ಯಗಳ ಪ್ರೀಮಿಯರ್ ಲೀಗ್ ಸೀಸನ್‌ನಲ್ಲಿ ಅಷ್ಟು ಗೆಲುವನ್ನು ಅದುವರೆಗೆ ಯಾವ ತಂಡವೂ ಕಂಡಿರಲಿಲ್ಲ.

ಮುಂದಿನ ಸೀಸನ್‌ಗೆ ಯಾವ ಫಾರ್ಮೇಷನ್, ಅಂದರೆ ಆಟಗಾರರನ್ನು ಮೈದಾನದಲ್ಲಿ ಯಾವ ಆಕಾರದಲ್ಲಿ ನಿಲ್ಲಿಸುವುದು ಎಂದು ಯೋಚಿಸುತ್ತ ಕೂತ ಪ್ರತಿಯೊಬ್ಬ ಕೋಚ್ ಮುಂದೆಯೂ ಈ ಪ್ರಕರಣವನ್ನು ಇಡಬೇಕು ಅನ್ನಿಸುತ್ತದೆ ನನಗೆ. ಯಾಕೆಂದರೆ ಇದನ್ನು ಬಹಳ ಮಂದಿ ಅವಸರದಲ್ಲಿ ಓದಿದ್ದಾರೆ. ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು ನಿಲ್ಲುವ 3-4-3ಕ್ಕೆ ಬಂದರು, ಗೆದ್ದರು, ಆದ್ದರಿಂದ 3-4-3 ಒಳ್ಳೆಯದು ಎಂಬುದು ಆ ಓದು. ಇದೇ ತಂಡ ಮರುವರ್ಷವೂ ಮೂವರು ಸೆಂಟರ್ ಬ್ಯಾಕ್‌ಗಳೊಂದಿಗೇ ಆಡಿ ಐದನೇ ಸ್ಥಾನಕ್ಕೆ ಇಳಿಯಿತು ಎಂಬುದನ್ನು ಪಕ್ಕದಲ್ಲಿಟ್ಟರೆ ಆ ಓದು ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಫಾರ್ಮೇಷನ್ ಎಂದರೆ ಕೈಯಲ್ಲಿರುವ ಆಟಗಾರರಲ್ಲಿ ಯಾರ ಕೊರತೆಯನ್ನು ಯಾರು ತುಂಬಬೇಕು ಎಂಬ ಲೆಕ್ಕ. ಲೆಕ್ಕದೊಳಗಿನ ಒಬ್ಬರು ಬದಲಾದರೂ ಮತ್ತೆ ಮೊದಲಿಂದ ಕೂಡಿಸಬೇಕು.

ಬೇಸಿಗೆಯಲ್ಲಿ ಕೈಯಲ್ಲಿದ್ದದ್ದು

2014-15ರಲ್ಲಿ ಲೀಗ್ ಗೆದ್ದಿದ್ದ ಚೆಲ್ಸಿ ಮರುವರ್ಷ 50 ಪಾಯಿಂಟ್‌ಗಳೊಂದಿಗೆ ಹತ್ತನೇ ಸ್ಥಾನಕ್ಕೆ ಕುಸಿದಿತ್ತು. ಸೀಸನ್ ನಡುವೆಯೇ ಜೋಸ್ ಮೊರಿನ್ಯೊ ಹೊರಹೋಗಿ, ಗುಸ್ ಹಿಡ್ಡಿಂಕ್ ತಾತ್ಕಾಲಿಕವಾಗಿ ತಂಡ ನೋಡಿಕೊಂಡಿದ್ದರು. 2016ರ ಯೂರೊ ಕಪ್‌ನಲ್ಲಿ ಇಟಲಿಯನ್ನು 3-5-2ರಲ್ಲಿ ಆಡಿಸಿ, ಬೆಲ್ಜಿಯಂ ಮತ್ತು ಸ್ಪೇನ್ ಎರಡನ್ನೂ 2-0 ಅಂತರದಲ್ಲಿ ಸೋಲಿಸಿದ್ದ ಕೊಂಟೆ ನೇರ ಅಲ್ಲಿಂದ ಬಂದರು. ಇಟಲಿಯ ಯುವೆಂಟಸ್ ಕ್ಲಬ್‌ಗೆ ಸತತ ಮೂರು ಲೀಗ್ ಪ್ರಶಸ್ತಿ ತಂದುಕೊಟ್ಟಿದ್ದೂ ಮೂವರ ರಕ್ಷಣೆಯೇ. ಹಾಗಿದ್ದರೆ ಚೆಲ್ಸಿಯಲ್ಲಿ ಮೊದಲ ದಿನವೇ ಅದನ್ನು ಯಾಕೆ ಹೂಡಲಿಲ್ಲ?

ಯುವೆಂಟಸ್‌ನಲ್ಲೂ ಅವರು ಮೊದಲ ದಿನ ಅದನ್ನು ಹೂಡಿರಲಿಲ್ಲ. 2011ರಲ್ಲಿ ಅಲ್ಲಿಗೆ ಹೋದಾಗ ತಲೆಯಲ್ಲಿದ್ದದ್ದು 4-2-4. ನಡುಮೈದಾನದ ಆಟಗಾರರಾದ ಪಿರ್ಲೊ, ವಿಡಾಲ್, ಮಾರ್ಕಿಸಿಯೊ ಮೂವರನ್ನೂ ಆಡಿಸಲೇಬೇಕಾಗಿ ಬಂದಾಗ ನಡುವೆ ಮೂವರಿಗೆ ಜಾಗ ಮಾಡಿದರು, ಆಮೇಲೆ 3-5-2ಕ್ಕೆ ಬಂದರು. ತಾನು ನಂಬಿದ ಆಕಾರವನ್ನು ಆಟಗಾರರ ಮುಂದೆ ಬಿಟ್ಟುಕೊಟ್ಟ ಕೋಚ್ ಅವರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಇದೇ ದೊಡ್ಡ ಕಾರಣ.

ಚೆಲ್ಸಿಯಲ್ಲೂ ಸೀಸನ್‌ಪೂರ್ವ ಅಭ್ಯಾಸದಲ್ಲಿ ಇಬ್ಬರು ಸ್ಟ್ರೈಕರ್‌ಗಳ (ಮುಂದೆ ನಿಂತು ಗೋಲು ಹೊಡೆಯುವವರ) 4-2-4 ನಡೆಯಿತು. ಲೀಗ್ ಶುರುವಾಗುವಾಗ ಅದು 4-1-4-1 ಆಗಿತ್ತು. ಹೊಸದಾಗಿ ಬಂದ ಎನ್‌ಗೊಲೊ ಕಾಂಟೆ ರಕ್ಷಣೆಯ ಮುಂದೆ ಒಬ್ಬರೇ, ಅವರ ಮುಂದೆ ನಾಲ್ವರು, ತುದಿಯಲ್ಲಿ ಡಿಯೆಗೊ ಕೋಸ್ಟಾ. ಡೇವಿಡ್ ಲೂಯಿಜ್ ಮತ್ತು ಅಲೊನ್ಸೊ ತಂಡ ಸೇರಿದ್ದು ಆಗಸ್ಟ್ ಕೊನೆಯಲ್ಲಿ. ಮೂವರ ರಕ್ಷಣೆಗೆ ಬೇಕಾದ ಇಬ್ಬರು ಬರುವ ಮೊದಲೇ ಸೀಸನ್ ಶುರುವಾಗಿತ್ತು ಎಂಬುದನ್ನು ಮರೆಯಬಾರದು.

ಮೊದಲ ಮೂರು ಪಂದ್ಯಗಳನ್ನು ಗೆದ್ದರು. ವೆಸ್ಟ್ ಹ್ಯಾಮ್ ಮತ್ತು ವಾಟ್‌ಫರ್ಡ್ ವಿರುದ್ಧ 2-1, ಬರ್ನ್ಲಿ ವಿರುದ್ಧ 3-0. ಮೊದಲ ಎರಡರಲ್ಲೂ ಗೆಲುವಿನ ಗೋಲು ಬಂದದ್ದು ಆಟದ ಕೊನೆಯ ನಿಮಿಷಗಳಲ್ಲಿ, ಕೋಸ್ಟಾ ಕಾಲಿನಿಂದ. ಅಂಥ ಗೆಲುವು ತಂಡದ ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಸ್ವಾನ್ಸಿ ವಿರುದ್ಧ 2-2 ಡ್ರಾ, ಆ ಪಂದ್ಯದಲ್ಲಿ ಸೆಂಟರ್ ಬ್ಯಾಕ್ ಜಾನ್ ಟೆರಿಗೆ ಗಾಯ. ಮುಂದೆ ಲಿವರ್‌ಪೂಲ್ ವಿರುದ್ಧ 1-2 ಸೋಲು, ಅದಾದ ಮೇಲೆ ಎಮಿರೇಟ್ಸ್.

ಬಿರುಕುಗಳು ಎಲ್ಲಿದ್ದವು? ಬಲಬದಿಯ ಫುಲ್ ಬ್ಯಾಕ್, ಅಂದರೆ ಅಂಚಿನ ರಕ್ಷಕ, ಬ್ರಾನಿಸ್ಲಾವ್ ಇವಾನೊವಿಚ್‌ಗೆ 32 ವರ್ಷ. ಮೇಲೆ ಹೋದರೆ ಹಿಂದಿರುಗುವ ವೇಗ ಉಳಿದಿರಲಿಲ್ಲ. ಎಡಬದಿಯಲ್ಲಿ ಸೆಸರ್ ಅಜ್ಪಿಲಿಕ್ವೆಟಾ. ರಕ್ಷಣೆಯಲ್ಲಿ ಗಟ್ಟಿ, ಆದರೆ ಬಲಗಾಲಿನವರಾದ್ದರಿಂದ ಅಂಚಿನಿಂದ ಎಡಗಾಲಲ್ಲಿ ಕ್ರಾಸ್ ಹಾಕುವವರಲ್ಲ, ಅಂದರೆ ಗೋಲಿನ ಮುಂದಕ್ಕೆ ಚೆಂಡು ಕಳಿಸುವವರಲ್ಲ. ಲೂಯಿಜ್ ಅದ್ಭುತವಾಗಿ ಚೆಂಡು ಹಂಚುತ್ತಿದ್ದರು, ಆದರೆ ಇಬ್ಬರ ಜೋಡಿಯಲ್ಲಿ ನಿಂತಾಗ ಸ್ಟ್ರೈಕರ್ ಹಿಂದೆ ಜಾಗ ಬಿಟ್ಟು ಓಡುವ ಸ್ವಭಾವ. ಫ್ಯಾಬ್ರೆಗಾಸ್ ಕಣ್ಣಿಗೆ ಕಾಣುವ ಪಾಸ್ ಬೇರೆಯವರ ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಚೆಂಡು ಕಳೆದುಕೊಂಡ ಮೇಲೆ ಬೆನ್ನಟ್ಟಿ ಓಡಲು ಆಗುತ್ತಿರಲಿಲ್ಲ. ಎಡೆನ್ ಹಜಾರ್ಡ್ ತಂಡದ ಶ್ರೇಷ್ಠ ಆಟಗಾರ, ಆದರೂ ಎದುರಾಳಿಯ ಫುಲ್ ಬ್ಯಾಕ್ ಹಿಂದೆ ತಮ್ಮ ಗೋಲಿನವರೆಗೂ ಓಡಬೇಕಾದ ಜಾಗದಲ್ಲಿ ನಿಂತಿದ್ದರು. ಇವರಲ್ಲಿ ಯಾರೂ ಕೆಟ್ಟ ಆಟಗಾರರಲ್ಲ. ನಾಲ್ವರ ರಕ್ಷಣೆಯ ಆಟದಲ್ಲಿ ಪ್ರತಿಯೊಬ್ಬರ ಕೊರತೆ ಬಯಲಿಗೆ ಬೀಳುತ್ತಿತ್ತು, ಅಷ್ಟೇ.

ಹಲ್ ಸಿಟಿ ವಿರುದ್ಧದ ಪಂದ್ಯ

ಅಕ್ಟೋಬರ್ 1ರಂದು ಹಲ್ ಮೈದಾನದಲ್ಲಿ ಪಂದ್ಯ ಶುರುವಾದಾಗ ಹಿಂದೆ ಬಲದಿಂದ ಎಡಕ್ಕೆ ಅಜ್ಪಿಲಿಕ್ವೆಟಾ, ಲೂಯಿಜ್, ಕೇಹಿಲ್. ನಡುವೆ ಎನ್‌ಗೊಲೊ ಕಾಂಟೆ ಮತ್ತು ನೆಮಾಂಜಾ ಮಾಟಿಚ್. ಎಡ ಅಂಚಿನಲ್ಲಿ ಅಲೊನ್ಸೊ, ಬಲ ಅಂಚಿನಲ್ಲಿ ವಿಕ್ಟರ್ ಮೋಸೆಸ್. ಮುಂದೆ ವಿಲಿಯನ್, ಕೋಸ್ಟಾ, ಹಜಾರ್ಡ್. ಇವಾನೊವಿಚ್ ಬೆಂಚಿನಲ್ಲಿ.

ಮೋಸೆಸ್ ಬಗ್ಗೆ ಇಲ್ಲಿ ನಿಂತು ಹೇಳಬೇಕು. 2012ರಲ್ಲಿ ಚೆಲ್ಸಿ ಸೇರಿದ ವಿಂಗರ್, ಅಂದರೆ ಅಂಚಿನಿಂದ ದಾಳಿ ಮಾಡುವ ಆಟಗಾರ ಅವರು. ಮುಂದಿನ ಮೂರು ಸೀಸನ್ ಲಿವರ್‌ಪೂಲ್, ಸ್ಟೋಕ್, ವೆಸ್ಟ್ ಹ್ಯಾಮ್ ಎಂದು ಎರವಲಿನ ಮೇಲೆ ತಿರುಗಿದರು. ಹಜಾರ್ಡ್, ವಿಲಿಯನ್, ಪೆಡ್ರೊ ಇರುವ ತಂಡದಲ್ಲಿ ವಿಂಗರ್ ಆಗಿ ಅವರಿಗೆ ಜಾಗವಿರಲಿಲ್ಲ. ಫುಲ್ ಬ್ಯಾಕ್ ಆಗಿ ಯೋಚಿಸಿದರೆ ರಕ್ಷಣೆಯ ಪಾಠವೇ ಇಲ್ಲದವರು. ಆದರೆ ಉಸಿರು ಕಟ್ಟದೆ ತೊಂಬತ್ತು ನಿಮಿಷ ಅಂಚಿನುದ್ದಕ್ಕೂ ಓಡಬಲ್ಲವರು, ಒಬ್ಬರೆದುರು ಒಬ್ಬರಾಗಿ ಚೆಂಡು ದಾಟಿಸಬಲ್ಲವರು. ಬೆನ್ನ ಹಿಂದೆ ಅಜ್ಪಿಲಿಕ್ವೆಟಾ ಇದ್ದರೆ ಅವರ ರಕ್ಷಣೆಯ ಅರೆಕೊರೆ ಅಪಾಯವಾಗುವುದಿಲ್ಲ. ಫುಲ್ ಬ್ಯಾಕಿಗೂ ವಿಂಗರ್‌ಗೂ ನಡುವಿನ ಆ ಜಾಗ, ಅಂದರೆ ವಿಂಗ್ ಬ್ಯಾಕ್ ಜಾಗ, ಇಂಥ ಆಟಗಾರನಿಗೆಂದೇ ಇರುವುದು. ಅಲ್ಲಿಯವರೆಗೆ ಅದು ಅವರ ಕಾಯಂ ಜಾಗವಾಗಿರಲಿಲ್ಲ.

ಉಳಿದವರ ಕೊರತೆಗಳೂ ಇದೇ ರೀತಿ ಒಂದೊಂದಾಗಿ ಮುಚ್ಚಿಹೋದವು. ಲೂಯಿಜ್ ಮೂವರ ನಡುವೆ ನಿಂತರು. ಸ್ಟ್ರೈಕರ್ ಹಿಂದೆ ಓಡುವ ಕೆಲಸ ಅಕ್ಕಪಕ್ಕದವರದು, ಇವರದು ಕಾದು ನೋಡಿ ಸಾಗಹಾಕುವುದು ಮತ್ತು ಉದ್ದ ಪಾಸ್. ಅಜ್ಪಿಲಿಕ್ವೆಟಾ ಬಲಗಾಲಿನ ಬದಿಗೆ ಬಂದರು, ಆ ಸೀಸನ್‌ನ ಲೀಗ್‌ನಲ್ಲಿ ಒಂದೇ ಒಂದು ನಿಮಿಷ ಹೊರಗೆ ಕೂರಲಿಲ್ಲ. ಎಡ ಅಂಚಿನಲ್ಲಿ ಎಡಗಾಲಿನ ಅಲೊನ್ಸೊ ಇದ್ದುದರಿಂದ ಹಜಾರ್ಡ್ ಒಳಕ್ಕೆ ಬಂದು, ಕೋಸ್ಟಾ ಹತ್ತಿರ ನಿಂತರು. ಹಿಂದೆ ಓಡುವ ಹೊರೆ ಇಳಿಯಿತು.

ಈ ಎಡಬದಿಯ ಆಟವನ್ನು ಹತ್ತಿರದಿಂದ ನೋಡೋಣ, ಇಡೀ ಸೀಸನ್‌ನ ಗುಟ್ಟು ಅಲ್ಲಿದೆ. ಚೆಂಡು ಕೇಹಿಲ್ ಕಾಲಲ್ಲಿದೆ. ಅಲೊನ್ಸೊ ಗೆರೆಗೆ ಅಂಟಿಕೊಂಡು ಮೇಲೇರುತ್ತಾರೆ. ಎದುರಾಳಿಯ ರೈಟ್ ಬ್ಯಾಕ್ ಈಗ ತೀರ್ಮಾನಿಸಬೇಕು. ಅಲೊನ್ಸೊ ಕಡೆಗೆ ಹೋದರೆ ಅವರಿಗೂ ಪಕ್ಕದ ಸೆಂಟರ್ ಬ್ಯಾಕಿಗೂ ನಡುವೆ ಸಂದು ತೆರೆಯುತ್ತದೆ, ಹಜಾರ್ಡ್ ನಿಂತಿರುವುದು ಅದೇ ಸಂದಿನಲ್ಲಿ. ಹೋಗದೆ ಒಳಗೇ ಉಳಿದರೆ ಅಲೊನ್ಸೊ ಯಾರ ಕಾಟವೂ ಇಲ್ಲದೆ ಕ್ರಾಸ್ ಹಾಕುತ್ತಾರೆ. ಸಂದು ಮುಚ್ಚಲು ಸೆಂಟರ್ ಬ್ಯಾಕ್ ಬರೋಣವೆಂದರೆ ಅವರ ಬೆನ್ನಿಗೆ ಕೋಸ್ಟಾ ಒರಗಿ ನಿಂತಿದ್ದಾರೆ. ಆಚೆ ಬದಿಯಲ್ಲಿ ಮೋಸೆಸ್ ಮತ್ತು ವಿಲಿಯನ್ ಜಾಗಕ್ಕೆ ಆಮೇಲೆ ಬಂದ ಪೆಡ್ರೊ ಇದನ್ನೇ ಮಾಡುತ್ತಿದ್ದಾರೆ. ನಾಲ್ವರ ರಕ್ಷಣೆಯ ಮೇಲೆ ಐವರು. ಎದುರಾಳಿಯ ವಿಂಗರ್ ಕೆಳಗಿಳಿದು ಐದನೆಯವರಾದರೆ ಚೆಲ್ಸಿ ಚೆಂಡು ಕಳೆದುಕೊಂಡಾಗ ಓಡಿ ಬರಲು ಅವರ ಕಡೆ ಯಾರೂ ಉಳಿಯುವುದಿಲ್ಲ. ಚೆಂಡು ಕಳೆದ ಕೂಡಲೇ ಮೋಸೆಸ್, ಅಲೊನ್ಸೊ ಇಬ್ಬರೂ ಹಿಂದೆ ಸರಿದು ಐವರ ಸಾಲು, ಅದರ ಮುಂದೆ ನಾಲ್ವರ ಸಾಲು. ಇದೆಲ್ಲ ನಡೆಯುವಾಗ ನಡುಮೈದಾನದಲ್ಲಿ ಇಬ್ಬರೇ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಎನ್‌ಗೊಲೊ ಕಾಂಟೆ ಆಗಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ಹಲ್ ವಿರುದ್ಧ 2-0. ಲೆಸ್ಟರ್ ವಿರುದ್ಧ 3-0. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 4-0. ಹೀಗೆ ಲೀಗ್‌ನ ಆರು ಪಂದ್ಯ ಒಂದೂ ಗೋಲು ಬಿಟ್ಟುಕೊಡದೆ ಗೆದ್ದರು. ನವೆಂಬರ್ 26ರಂದು ಟಾಟನ್‌ಹ್ಯಾಮ್‌ನ ಎರಿಕ್ಸನ್ ಹೊಡೆದದ್ದೇ ಹೊಸ ಫಾರ್ಮೇಷನ್‌ನ ವಿರುದ್ಧ ಲೀಗ್‌ನಲ್ಲಿ ಬಂದ ಮೊದಲ ಗೋಲು. ಆ ಪಂದ್ಯವನ್ನೂ 2-1ರಿಂದ ಗೆದ್ದರು. ವರ್ಷದ ಕೊನೆಯ ದಿನ ಸ್ಟೋಕ್ ಸೋತಾಗ ಸತತ ಹದಿಮೂರು ಗೆಲುವು.

ಇಷ್ಟು ಬೇಗ ಒಂದು ತಂಡ ಹೊಸ ಆಟ ಕಲಿಯಲು ಇನ್ನೊಂದು ಕಾರಣವಿತ್ತು, ಅದನ್ನು ಕಡೆಗಣಿಸಿದವರು ಈ ಪ್ರಕರಣದಿಂದ ತಪ್ಪು ಪಾಠ ಕಲಿಯುತ್ತಾರೆ. ಹಿಂದಿನ ವರ್ಷ ಹತ್ತನೇ ಸ್ಥಾನಕ್ಕೆ ಬಿದ್ದದ್ದರಿಂದ ಚೆಲ್ಸಿಗೆ ಯುರೋಪಿನ ಟೂರ್ನಿಗಳೇ ಇರಲಿಲ್ಲ. ಲೀಗ್ ಮತ್ತು ದೇಶೀಯ ಕಪ್‌ಗಳು ಸೇರಿ ಆಡಿದ್ದು 47 ಪಂದ್ಯ. ಹೆಚ್ಚಿನ ವಾರಗಳಲ್ಲಿ ಒಂದೇ ಪಂದ್ಯ, ಉಳಿದ ದಿನ ಅಭ್ಯಾಸ. ಐವರ ಸಾಲು ಒಟ್ಟಿಗೆ ಹಿಂದೆ ಸರಿಯುವುದು, ಸಂದಿನೊಳಕ್ಕೆ ಚೆಂಡು ಬರುವ ಹೊತ್ತಿಗೆ ಹಜಾರ್ಡ್ ಅಲ್ಲಿರುವುದು, ಇವು ಕಾಲಿಗೆ ಅಭ್ಯಾಸವಾಗುವುದು ವಾರದ ಮಧ್ಯದ ದಿನಗಳಲ್ಲಿ. ಬಹುತೇಕ ಅದೇ ಹನ್ನೊಂದು ಮಂದಿ ಪಂದ್ಯದ ಮೇಲೆ ಪಂದ್ಯ ಆಡಿದರು.

ಎದುರಾಳಿಗಳು ಹುಡುಕಿದ ಉತ್ತರ

ನಮ್ಮ ಫಾರ್ಮೇಷನ್ ಎಲ್ಲಿ ಮುರಿಯುತ್ತದೆ ಎಂದು ನಮಗಿಂತ ಮೊದಲು ಎದುರಾಳಿ ಹೇಳುತ್ತಾನೆ. ನವೆಂಬರ್ ಮೊದಲ ವಾರದಲ್ಲೇ ಎವರ್ಟನ್ ಹಿಂದೆ ಮೂವರನ್ನು ನಿಲ್ಲಿಸಿ ಚೆಲ್ಸಿಯ ಆಕಾರವನ್ನೇ ನಕಲು ಮಾಡಿತು. ಮೊದಲ ಅವಧಿ ಮುಗಿಯುವ ಮುನ್ನವೇ ಅದನ್ನು ಕೈಬಿಟ್ಟು, 5-0ಯಿಂದ ಸೋತಿತು. ಒಂದು ವಾರದಲ್ಲಿ ಎರವಲು ತಂದ ಆಕಾರದ ಗತಿ ಅದು.

2017ರ ಜನವರಿ 4ರಂದು ಟಾಟನ್‌ಹ್ಯಾಮ್ ಕೂಡ ಮೂವರನ್ನೇ ಹಿಂದೆ ನಿಲ್ಲಿಸಿತು, ಆದರೆ ನಕಲಿಗಾಗಿ ಅಲ್ಲ, ಒಂದು ನಿರ್ದಿಷ್ಟ ಜಾಗದ ಮೇಲೆ ಕಣ್ಣಿಟ್ಟು. ಎರಿಕ್ಸನ್ ಬಲಬದಿಯಿಂದ ಗೋಲಿನ ಆಚೆ ಕಂಬದ ಕಡೆಗೆ ಕ್ರಾಸ್ ಹಾಕಿದರು, ಡೆಲೆ ಅಲಿ ತಲೆಯಿಂದ ಗೋಲು ಹೊಡೆದರು. ವಿರಾಮದ ನಂತರ ಅದೇ ಕ್ರಾಸ್, ಅದೇ ತಲೆ, ಎರಡನೇ ಗೋಲು. ಆ ಕಂಬದ ಬಳಿ ಕಾವಲಿದ್ದದ್ದು ಅಜ್ಪಿಲಿಕ್ವೆಟಾ ಮತ್ತು ಮೋಸೆಸ್. ಫುಲ್ ಬ್ಯಾಕ್‌ನಷ್ಟೇ ಎತ್ತರವಿರುವ ಆಟಗಾರನನ್ನು ಸೆಂಟರ್ ಬ್ಯಾಕ್ ಮಾಡಿದಾಗ ಎಲ್ಲೋ ಒಂದು ಕಡೆ ಅದರ ಬೆಲೆ ಕೊಡಲೇಬೇಕು. ಚೆಲ್ಸಿ ಅಂದು ಕೊಟ್ಟಿತು, ಹದಿಮೂರರ ಸರಣಿ ಮುರಿಯಿತು. ಆದರೂ ಕೋಚ್ ಅಜ್ಪಿಲಿಕ್ವೆಟಾರನ್ನು ಅಲ್ಲಿಂದ ಕದಲಿಸಲಿಲ್ಲ. ಉಳಿದ ಪಂದ್ಯಗಳಲ್ಲಿ ಅವರು ಕೊಟ್ಟದ್ದು ಆ ಬೆಲೆಗಿಂತ ದೊಡ್ಡದಾಗಿತ್ತು. ನನಗೆ ಅದು ಸರಿಯಾದ ತೀರ್ಮಾನವಾಗಿಯೇ ಕಾಣುತ್ತದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಏಪ್ರಿಲ್ 16ರ ಪಂದ್ಯ. ಓಲ್ಡ್ ಟ್ರಾಫರ್ಡ್‌ನಲ್ಲಿ ಪಂದ್ಯಕ್ಕೆ ಸ್ವಲ್ಪ ಮೊದಲು ಅಲೊನ್ಸೊ ಅಸ್ವಸ್ಥರಾದರು. ಅವರ ಜಾಗಕ್ಕೆ ಅಜ್ಪಿಲಿಕ್ವೆಟಾ ಹೋಗಬೇಕಾಯಿತು, ಅಜ್ಪಿಲಿಕ್ವೆಟಾ ಜಾಗಕ್ಕೆ ಕರ್ಟ್ ಜೂಮಾ ಬಂದರು. ಒಬ್ಬರ ಆರೋಗ್ಯ ಕೆಟ್ಟದ್ದಕ್ಕೆ ಎರಡು ಜಾಗ ಅಲುಗಾಡಿದವು. ಜೊತೆಗೆ ಯುನೈಟೆಡ್ ಪರ ಆಂಡರ್ ಎರೆರಾ ಹಜಾರ್ಡ್ ಎಲ್ಲಿಗೆ ಹೋದರೂ ನೆರಳಿನಂತೆ ಹಿಂಬಾಲಿಸಿದರು. ಸಂದು ತೆರೆಯಲು ಎಡಗಾಲಿನ ವಿಂಗ್ ಬ್ಯಾಕ್ ಇಲ್ಲ, ತೆರೆದರೂ ಅಲ್ಲಿ ಹಜಾರ್ಡ್ ಬೆನ್ನಿಗೆ ಎರೆರಾ ಇದ್ದಾರೆ. 2-0 ಸೋಲು. ಇಡೀ ಪಂದ್ಯದಲ್ಲಿ ಚೆಲ್ಸಿ ಗೋಲಿನತ್ತ ಗುರಿಯಿಟ್ಟ ಒಂದು ಹೊಡೆತವೂ ಇರಲಿಲ್ಲ.

ಪ್ರಶಸ್ತಿ ಕೈತಪ್ಪಲಿಲ್ಲ. ಮೇ 12ರಂದು ವೆಸ್ಟ್ ಬ್ರಾಮ್ ವಿರುದ್ಧ 82ನೇ ನಿಮಿಷದಲ್ಲಿ ಮಿಚಿ ಬಾಟ್ಶುವಾಯಿ ಹೊಡೆದ ಗೋಲು ಅದನ್ನು ಖಚಿತಪಡಿಸಿತು. ಆದರೆ ಹದಿನೈದು ದಿನಗಳ ಬಳಿಕ ಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್ ಚೆಲ್ಸಿಯನ್ನು 2-1ರಿಂದ ಸೋಲಿಸಿತು. ಆ ಹೊತ್ತಿಗೆ ಆರ್ಸೆನ್ ವೆಂಗರ್ ಕೂಡ ಮೂವರ ರಕ್ಷಣೆಗೆ ಬಂದಿದ್ದರು. ಅಕ್ಟೋಬರ್‌ನಲ್ಲಿ ಚೆಲ್ಸಿಗೆ ಮಾತ್ರ ಗೊತ್ತಿದ್ದ ಲೆಕ್ಕ ಮೇ ತಿಂಗಳಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುವರ್ಷದ ತೀರ್ಮಾನ

2017ರ ಬೇಸಿಗೆಯಲ್ಲಿ ನಿಜವಾದ ಪ್ರಶ್ನೆ ಎದುರಾಯಿತು. ಚಾಂಪಿಯನ್ ತಂಡ, ಗೆದ್ದ ಫಾರ್ಮೇಷನ್, ಅದನ್ನೇ ಮುಂದುವರಿಸುವುದೇ? ಮುಂದುವರಿಸಿದರು. ಯಾರೇ ಆಗಿದ್ದರೂ ಮುಂದುವರಿಸುತ್ತಿದ್ದರು. ಆದರೆ ಲೆಕ್ಕದ ಒಳಗಿದ್ದವರನ್ನು ಈಗ ನೋಡಿ.

ಎನ್‌ಗೊಲೊ ಕಾಂಟೆ ಪಕ್ಕದಲ್ಲಿ ಎತ್ತರವಾಗಿ, ಸಮಾಧಾನವಾಗಿ ನಿಲ್ಲುತ್ತಿದ್ದ ಮಾಟಿಚ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅವರ ಬದಲು ಮೊನಾಕೊದಿಂದ ಬಂದ ಟಿಮುವೆ ಬಾಕಾಯೊಕೊ ಚೆಂಡಿನೊಂದಿಗೆ ಮುನ್ನುಗ್ಗುವ ಬೇರೆಯೇ ಜಾತಿಯ ಆಟಗಾರ. ಇಬ್ಬರ ನಡುಮೈದಾನದಲ್ಲಿ ಒಬ್ಬರು ಮುನ್ನುಗ್ಗಿದರೆ ಹಿಂದೆ ಒಬ್ಬರೇ. 20 ಲೀಗ್ ಗೋಲು ಹೊಡೆದಿದ್ದ ಕೋಸ್ಟಾ ಕೋಚ್ ಯೋಜನೆಯಿಂದ ಹೊರಬಿದ್ದು, ಕೊನೆಗೆ ಅಟ್ಲೆಟಿಕೊ ಸೇರಿದರು. ಬದಲಿಗೆ ಬಂದ ಆಲ್ವಾರೊ ಮೊರಾಟಾ ತಲೆಯಿಂದ ಚೆನ್ನಾಗಿ ಗೋಲು ಹೊಡೆಯುತ್ತಿದ್ದರು, ಆದರೆ ಸೆಂಟರ್ ಬ್ಯಾಕ್‌ಗಳನ್ನು ಮೈಯೊಡ್ಡಿ ಕಟ್ಟಿಹಾಕುವುದು ಅವರ ಆಟವಲ್ಲ. ಸೆಂಟರ್ ಬ್ಯಾಕ್ ಬಿಡುಗಡೆಯಾದರೆ ಸಂದು ಮುಚ್ಚುತ್ತದೆ. ಹಜಾರ್ಡ್ ಜೂನ್‌ನಲ್ಲಿ ಕಾಲಿನ ಹರಡು ಮುರಿದುಕೊಂಡು ಸೀಸನ್‌ನ ಆರಂಭ ತಪ್ಪಿಸಿಕೊಂಡರು. ಇದರ ಮೇಲೆ ಯುರೋಪಿನ ಚಾಂಪಿಯನ್ಸ್ ಲೀಗ್ ಟೂರ್ನಿ. 47ರ ಜಾಗದಲ್ಲಿ 59 ಪಂದ್ಯ. ವಾರದ ಮಧ್ಯದ ಅಭ್ಯಾಸದ ದಿನಗಳು ಪ್ರಯಾಣಕ್ಕೆ ಮತ್ತು ವಿಶ್ರಾಂತಿಗೆ ಹೋದವು.

ಕೊಂಟೆ ಇದನ್ನು ಕಾಣದವರೇನಲ್ಲ. ನಡುವೆ ಮೂವರನ್ನು ನಿಲ್ಲಿಸಿ 3-5-2ಕ್ಕೆ ಹೋದರು, ಹಜಾರ್ಡ್‌ರನ್ನು ಮೊರಾಟಾ ಜೊತೆ ಮುಂದೆ ಇಟ್ಟರು. ನಡುಮೈದಾನ ಗಟ್ಟಿಯಾಯಿತು, ಆದರೆ ಬಲಬದಿಯಲ್ಲಿ ಮೋಸೆಸ್ ಜೊತೆಗಿದ್ದ ಪೆಡ್ರೊ ಜಾಗ ಇಲ್ಲವಾಯಿತು. ಐವರು ನಾಲ್ವರ ಮೇಲೆ ಎಂಬ ಲೆಕ್ಕ ನಾಲ್ವರು ನಾಲ್ವರ ಮೇಲೆ ಎಂದಾಯಿತು. ಮೊದಲ ಸೀಸನ್‌ನಲ್ಲಿ 85 ಇದ್ದ ಲೀಗ್ ಗೋಲುಗಳು 62ಕ್ಕೆ ಇಳಿದವು. ಬಿಟ್ಟುಕೊಟ್ಟ ಗೋಲು 33ರಿಂದ 38ಕ್ಕೆ ಏರಿತು, ಅಷ್ಟೇ. ಈ ಎರಡು ಜೋಡಿ ಅಂಕಿಗಳಲ್ಲಿ ಪ್ರಕರಣದ ತಿರುಳಿದೆ. ಮೂವರ ರಕ್ಷಣೆ ರಕ್ಷಣೆಯಾಗಿ ಕೆಡಲಿಲ್ಲ, ಮುಂದಿನ ಆಟ ನಿಂತುಹೋಯಿತು. 2018ರ ಜನವರಿ ಕೊನೆಯಲ್ಲಿ ತವರಿನಲ್ಲೇ ಬೋರ್ನ್‌ಮತ್‌ಗೆ 0-3, ಮುಂದಿನ ಪಂದ್ಯದಲ್ಲೇ ವಾಟ್‌ಫರ್ಡ್‌ಗೆ 1-4. ಕೊನೆಗೆ 70 ಪಾಯಿಂಟ್, ಐದನೇ ಸ್ಥಾನ. ಎಫ್‌ಎ ಕಪ್ ಗೆದ್ದರೂ ಜುಲೈನಲ್ಲಿ ಕೋಚ್ ಹೊರನಡೆಯಬೇಕಾಯಿತು.

ಇದೇ ಮಾತಿಗೆ ಇನ್ನೊಂದು ಬದಿಯ ಸಾಕ್ಷಿಯೂ ಇದೆ. 2015-16ರಲ್ಲಿ 4-4-2 ಆಡಿ 81 ಪಾಯಿಂಟ್‌ಗಳೊಂದಿಗೆ ಲೀಗ್ ಗೆದ್ದ ಲೆಸ್ಟರ್, ಎನ್‌ಗೊಲೊ ಕಾಂಟೆಯನ್ನು ಚೆಲ್ಸಿಗೆ ಕಳೆದುಕೊಂಡ ಮೇಲೂ ಅದೇ ಆಟಕ್ಕೆ ಅಂಟಿಕೊಳ್ಳಲು ನೋಡಿತು. 12ನೇ ಸ್ಥಾನಕ್ಕೆ ಬಂದಿತು, ನಡುವೆ ಕೋಚ್ ಕ್ಲೌಡಿಯೊ ರಾನಿಯೇರಿ ಕೆಲಸ ಕಳೆದುಕೊಂಡರು. ಕಾಗದದ ಮೇಲೆ ಎರಡೂ ವರ್ಷ 4-4-2. ಮೈದಾನದಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದ ಒಬ್ಬರು ಇರಲಿಲ್ಲ.

ಹಾಗಾಗಿ ಮುಂದಿನ ಸೀಸನ್‌ನ ಫಾರ್ಮೇಷನ್ ಚರ್ಚೆಗೆ ಕೂತಾಗ ಬೋರ್ಡ್ ಮೇಲೆ ಅಂಕಿ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ ಬೇರೆ. ಕಳೆದ ಸೀಸನ್‌ನಲ್ಲಿ ಬೆಂಚಿನ ಮೇಲೆ ಕೂತವರಲ್ಲಿ ಯಾರು ತಪ್ಪು ಜಾಗದಲ್ಲಿ ನಿಂತು ಸೋತವರು? ನಮ್ಮ ಅತ್ಯುತ್ತಮ ಆಟಗಾರ ಯಾವ ಓಟದಲ್ಲಿ ಶಕ್ತಿ ಕಳೆದುಕೊಳ್ಳುತ್ತಿದ್ದಾರೆ, ಆ ಓಟವನ್ನು ಅವರ ಬದಲು ಯಾರು ಓಡಬಲ್ಲರು? ಎಡ ಅಂಚಿನ ಒಬ್ಬರಿಗೆ ಜ್ವರ ಬಂದರೆ ಎಷ್ಟು ಜಾಗ ಅಲುಗಾಡುತ್ತವೆ? ವಾರಕ್ಕೆ ಎಷ್ಟು ದಿನ ಅಭ್ಯಾಸ ಸಿಗುತ್ತದೆ ಎಂಬುದನ್ನಂತೂ ಆಟಗಾರರ ಪಟ್ಟಿಯಷ್ಟೇ ಎಚ್ಚರದಿಂದ ನೋಡಬೇಕು. ಎರಡು ದಿನದ ಅಭ್ಯಾಸವಿರುವ ತಂಡಕ್ಕೆ ವಿಂಗ್ ಬ್ಯಾಕ್‌ಗಳ ಆಟ ಹೇರುವುದು ಅವರ ಮೇಲಿನ ಅನ್ಯಾಯ. ಅಂಥ ತಂಡಕ್ಕೆ ಎಲ್ಲರಿಗೂ ಚಿಕ್ಕಂದಿನಿಂದ ಗೊತ್ತಿರುವ ನಾಲ್ವರ ಸಾಲೇ ಮೇಲು.

2018ರಲ್ಲಿ ಮೌರಿಸಿಯೊ ಸಾರಿ ಬಂದು ಚೆಲ್ಸಿಯನ್ನು 4-3-3ಕ್ಕೆ ತಿರುಗಿಸಿದರು. ಅಜ್ಪಿಲಿಕ್ವೆಟಾ ಮತ್ತೆ ರೈಟ್ ಬ್ಯಾಕ್ ಆದರು. ಹೊಸಬ ಜೋರ್ಜಿನ್ಯೊ ನಡುವೆ ನಿಂತದ್ದರಿಂದ ಎನ್‌ಗೊಲೊ ಕಾಂಟೆ ಬಲಕ್ಕೆ, ಮುಂದಕ್ಕೆ ಸರಿದರು. ತಂಡ ಮೂರನೇ ಸ್ಥಾನ ಪಡೆದು ಯುರೋಪಾ ಲೀಗ್ ಗೆದ್ದಿತು. ಈ ಹೊಸ ಲೆಕ್ಕದಲ್ಲಿ ವಿಂಗ್ ಬ್ಯಾಕ್ ಎಂಬ ಜಾಗವೇ ಇರಲಿಲ್ಲ. ಚಾಂಪಿಯನ್ ತಂಡದ ಬಲ ಅಂಚನ್ನು ಒಂದಿಡೀ ಸೀಸನ್ ಓಡಿ ಕಾದಿದ್ದ ವಿಕ್ಟರ್ ಮೋಸೆಸ್ 2019ರ ಜನವರಿಯಲ್ಲಿ ಮತ್ತೆ ಎರವಲಿನ ಮೇಲೆ ಟರ್ಕಿಯ ಫೆನರ್‌ಬಾಚೆಗೆ ಹೋದರು. ಅದಾದ ಒಂದು ವರ್ಷಕ್ಕೆ, 2020ರ ಜನವರಿಯಲ್ಲಿ, ಇಟಲಿಯ ಇಂಟರ್ ಮಿಲಾನ್ ಅವರನ್ನು ಎರವಲು ಪಡೆಯಿತು. ಅಲ್ಲಿನ ಕೋಚ್ ಆಂಟೋನಿಯೊ ಕೊಂಟೆ, ತಂಡ ಆಡುತ್ತಿದ್ದದ್ದು 3-5-2. ಮೋಸೆಸ್‌ಗೆ ಸಿಕ್ಕಿದ್ದು ಬಲ ಅಂಚಿನ ಅದೇ ವಿಂಗ್ ಬ್ಯಾಕ್ ಜಾಗ.